ನಾಡಿನ ಸೀಮೆ ಮತ್ತು ಶ್ರಾವಕನ ಮತ

ಕನ್ನಡದಲ್ಲಿ ‘ಮತ’ ಎಂಬ ಶಬ್ದಕ್ಕೆ ಧರ್ಮವೆಂಬ ಅರ್ಥವೂ ಉಂಟು, ಅಭಿಪ್ರಾಯವೆಂಬ ಅರ್ಥವೂ ಉಂಟು, ಚುನಾವಣೆಯಲ್ಲಿ ಪ್ರಜೆಯು ನೀಡುವ ಓಟು ಎಂಬ ಅರ್ಥವೂ ಉಂಟು. ಸಾಮಾನ್ಯ ಕಾಲದಲ್ಲಿ ಈ ಮೂರೂ ಬೇರೆ ಬೇರೆಯಾಗಿ ನಡೆಯುತ್ತವೆ. ಆದರೆ ಒಂದು ನಾಡು ಇನ್ನೊಂದರೊಡನೆ ಕೂಡಬೇಕೇ, ಇದ್ದಂತೆಯೇ ಇರಬೇಕೇ, ಬೇರ್ಪಟ್ಟು ಸ್ವತಂತ್ರವಾಗಬೇಕೇ ಎಂಬ ಪ್ರಶ್ನೆಯು ಜನರ ಮುಂದೆ ಬಂದಾಗ ಮೂರೂ ಒಂದೆಡೆ ಸೇರುತ್ತವೆ. ಒಂದೇ ಮನೆಯೊಳಗೆ ಎರಡು ಪಕ್ಷಗಳು ಹುಟ್ಟುತ್ತವೆ. ಅಂತಹ ಸಮಯದಲ್ಲಿ ಅಣುವ್ರತಗಳನ್ನು ಅಂಗೀಕರಿಸಿದ ಗೃಹಸ್ಥನು ಯಾವ ಬಗೆಯಿಂದ ನಿರ್ಣಯಕ್ಕೆ ಬರಬೇಕು ಎಂಬುದು ವಿಚಾರಾರ್ಹವಾದ ವಿಷಯ.

ಸಾಮಾನ್ಯ ಚುನಾವಣೆಗೂ ಇಂತಹ ಜನಮತಕ್ಕೂ ಒಂದು ಮುಖ್ಯ ಭೇದವಿದೆ. ಚುನಾವಣೆಯಲ್ಲಿ ತಪ್ಪು ಸಂಭವಿಸಿದರೆ ಐದು ವರ್ಷಗಳಲ್ಲಿ ತಿದ್ದಿಕೊಳ್ಳಬಹುದು. ನಾಡಿನ ಸೀಮೆಯನ್ನು ಕುರಿತ ನಿರ್ಣಯವಾದರೋ ತೆಂಗಿನ ಸಸಿಯನ್ನು ನೆಟ್ಟಂತೆ. ಹಂದನಕೆರೆಯ ಸುತ್ತಿನ ತೋಟಗಳಲ್ಲಿ ತಾತ ನೆಟ್ಟ ಮರದ ಕಾಯಿಯನ್ನು ಮೊಮ್ಮಗ ಕೀಳುತ್ತಾನೆ. ತಾತ ಆರಿಸಿದ ಜಾಗವೇ ಮೊಮ್ಮಗನಿಗೂ ಉಳಿಯುತ್ತದೆ. ಇನ್ನೂ ಹುಟ್ಟದವರ ಪರವಾಗಿ ನೀಡುವ ಮತವು ಇದಾದುದರಿಂದ ಇದರ ಹೊಣೆಯೂ ದೊಡ್ಡದು.

ಹಂದನಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ಈ ತೆಂಗಿನ ಸೀಮೆಯು ಹಳೆಯ ಮೈಸೂರು ರಾಜ್ಯಕ್ಕೆ ಸೇರಿದ್ದಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಸ್ಥಾಪಿತವಾಯಿತು. ಅದೇ ವರ್ಷದ ಕೊನೆಯಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರನ್ನು ಒಂದುಗೂಡಿಸಬೇಕೇ ಎಂಬ ಪ್ರಶ್ನೆಯು ಆಗ ಮೈಸೂರಿಗರ ಎದುರಿಗೆ ನಿಂತಿತು. ಇಂದು ಏಕೀಕರಣವೆಂದರೆ ಎಲ್ಲರೂ ಸಂತೋಷದಿಂದ ಒಪ್ಪಿದ ಸಂಗತಿಯೆಂದು ಭಾವಿಸುವವರೇ ಹೆಚ್ಚು. ವಸ್ತುಸ್ಥಿತಿ ಹಾಗಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಾರ್ಖಾನೆ, ಕೃಷ್ಣರಾಜಸಾಗರ ಇವುಗಳಿಂದ ಮುಂದುವರಿದ ಮೈಸೂರು ತನ್ನ ಆದಾಯವನ್ನು ಹಿಂದುಳಿದ ಜಿಲ್ಲೆಗಳಿಗೆ ಹಂಚಬೇಕಾದೀತು ಎಂಬ ಭಯ ಒಂದು. ಹೊಸ ರಾಜ್ಯದಲ್ಲಿ ಜಾತಿಗಳ ಬಲಾಬಲವು ಬದಲಾದೀತೆಂಬ ಲೆಕ್ಕ ಇನ್ನೊಂದು. ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ತಮ್ಮ ಪಕ್ಷದಲ್ಲಿಯೇ ಇದ್ದ ವಿರೋಧವನ್ನು ಎದುರಿಸಿ ಏಕೀಕರಣದ ಪರವಾಗಿ ನಿಂತರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಅಸ್ತಿತ್ವಕ್ಕೆ ಬಂದಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು.

ಮೈಸೂರಿನಲ್ಲಿ ಈ ವಿಷಯದ ಮೇಲೆ ನೇರವಾದ ಜನಮತಗಣನೆ ನಡೆಯಲಿಲ್ಲ. ಕೊಡಗಿನಲ್ಲಿ ಮಾತ್ರ 1952ರ ವಿಧಾನಸಭಾ ಚುನಾವಣೆಯು ಬಹುಮಟ್ಟಿಗೆ ಇದೇ ಪ್ರಶ್ನೆಯ ಮೇಲೆ ನಡೆಯಿತು. ವಿಲೀನದ ಪರವಾಗಿದ್ದ ಕಾಂಗ್ರೆಸ್ಸು 24 ಸ್ಥಾನಗಳಲ್ಲಿ 15ನ್ನು ಗೆದ್ದಿತು. ಪ್ರತ್ಯೇಕ ಕೊಡಗನ್ನು ಬಯಸಿದ ತಕ್ಕಡಿ ಪಕ್ಷದ ನಾಯಕರಾದ ಪಂದ್ಯಂಡ ಬೆಳ್ಳಿಯಪ್ಪನವರೂ ಗಾಂಧೀವಾದಿಗಳೇ, ದೇಶಭಕ್ತರೇ. ಸಜ್ಜನರು ಎರಡೂ ಕಡೆಗಳಲ್ಲಿ ಇರಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿ ಜೈನರಿಗೆ ಸಹಜವಾಗಿ ನೆನಪಾಗುವುದು ಅನೇಕಾಂತವಾದ. ವಸ್ತುವು ಅನಂತಧರ್ಮಾತ್ಮಕವಾದುದು, ಒಂದೊಂದು ನಯವು ಅದರ ಒಂದೊಂದು ಮುಖವನ್ನು ಕಾಣುತ್ತದೆ. ಈ ಮಾತನ್ನು ಹಿಡಿದು ಕೆಲವರು ‘ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ; ಆದ್ದರಿಂದ ಶ್ರಾವಕನು ಯಾರಿಗೂ ಮತ ನೀಡದೆ ತಟಸ್ಥನಾಗಿರುವುದೇ ಲೇಸು’ ಎನ್ನುವುದುಂಟು. ಇದು ಅನೇಕಾಂತವಲ್ಲ, ಸಂಶಯ. ಸಪ್ತಭಂಗಿಯ ಮೊದಲನೆಯ ಭಂಗವನ್ನು ಶಾಸ್ತ್ರಕಾರರು ‘ಸ್ಯಾದಸ್ತ್ಯೇವ’ ಎಂದು ಹೇಳುವರು. ‘ಸ್ಯಾತ್’ ಎಂದರೆ ಒಂದು ಅಪೇಕ್ಷೆಯಿಂದ. ‘ಏವ’ ಎಂದರೆ ನಿಶ್ಚಯವಾಗಿ. ಅಪೇಕ್ಷೆಯನ್ನು ಸ್ಪಷ್ಟಪಡಿಸಿಕೊಂಡ ಬಳಿಕ ಮಾತು ನಿಶ್ಚಿತವಾಗಿರಬೇಕೆಂಬುದೇ ಇದರ ತಾತ್ಪರ್ಯ. ‘ಹಂಚಿಹೋದ ಜನರ ಕಷ್ಟದ ಅಪೇಕ್ಷೆಯಿಂದ ಕೂಡುವುದೇ ಯುಕ್ತ’ ಎಂದೋ, ‘ಆಡಳಿತದ ಸೌಕರ್ಯದ ಅಪೇಕ್ಷೆಯಿಂದ ಬೇರೆಯಿರುವುದೇ ಯುಕ್ತ’ ಎಂದೋ ಹೇಳಬಹುದು. ಆಮೇಲೆ ಉಳಿಯುವ ಪ್ರಶ್ನೆಯೆಂದರೆ, ಈ ಸಂದರ್ಭದಲ್ಲಿ ಯಾವ ಅಪೇಕ್ಷೆಯು ಹೆಚ್ಚು ಗುರುತರ ಎಂಬುದು. ಅದನ್ನು ತೂಗಿ ನೋಡುವ ಕೆಲಸದಿಂದ ಅನೇಕಾಂತವು ಯಾರನ್ನೂ ಬಿಡುಗಡೆ ಮಾಡುವುದಿಲ್ಲ.

ಮತ ನೀಡದೆ ಉಳಿಯುವುದರಿಂದ ದೋಷವು ತಪ್ಪುತ್ತದೆಯೇ ಎಂಬುದನ್ನೂ ನೋಡಬೇಕು. ಕರ್ಮದ ಆಸ್ರವಕ್ಕೆ ಕೃತ, ಕಾರಿತ, ಅನುಮೋದಿತ ಎಂದು ಮೂರು ದಾರಿಗಳನ್ನು ಹೇಳಿದೆ. ಮನಸ್ಸಿನಲ್ಲಿ ಒಂದು ಪಕ್ಷದ ಗೆಲುವನ್ನು ಬಯಸುತ್ತ, ನೆರೆಯವರ ನಿಷ್ಠುರಕ್ಕೆ ಅಂಜಿ ಮನೆಯಲ್ಲಿ ಕುಳಿತವನು ಅನುಮೋದನೆಯಿಂದ ಹೊರಗಾಗಲಿಲ್ಲ. ಹೊಣೆಯಿಂದ ಮಾತ್ರ ನುಣುಚಿಕೊಂಡನು. ನಿಜವಾಗಿ ವಿಚಾರಿಸಿ, ವಿಷಯವು ತನಗೆ ಬಗೆಹರಿಯಲಿಲ್ಲವೆಂದು ಹಿಂದೆ ಸರಿದವನ ಸ್ಥಿತಿ ಬೇರೆ. ಅವನನ್ನು ದೂಷಿಸಲಾಗದು. ಇವೆರಡರ ಅಂತರವನ್ನು ಹೊರಗಿನವರು ಕಾಣಲಾರರು; ಸಾಮಾಯಿಕಕ್ಕೆ ಕುಳಿತಾಗ ತಾನೇ ಕಂಡುಕೊಳ್ಳಬೇಕು.

ನಿರ್ಣಯವನ್ನು ಶೋಧಿಸಿಕೊಳ್ಳಲು ಶ್ರಾವಕನಿಗೆ ಸಮೀಪದ ಸಾಧನವೆಂದರೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು. 1955ರ ಮೈಸೂರಿನ ವಾದಗಳನ್ನೇ ಇವುಗಳಿಂದ ಪರೀಕ್ಷಿಸಬಹುದು. ‘ನಮ್ಮ ತೆರಿಗೆ ನಮ್ಮ ಜಿಲ್ಲೆಗಳಿಗೇ ಇರಲಿ’ ಎಂಬ ಮಾತನ್ನು ಮೊದಲು ತೆಗೆದುಕೊಳ್ಳೋಣ. ಕುಟುಂಬದ ಜೀವನೋಪಾಯವನ್ನು ಎಣಿಸುವುದು ಲೋಭವಲ್ಲ. ಗೃಹಸ್ಥನಿಗೆ ಅರ್ಥವು ನಿಷಿದ್ಧವೂ ಅಲ್ಲ. ಆದರೆ ಈ ವಾದವು ರಾಯಚೂರಿನ ಗಡಿಯಲ್ಲಿಯೇ ಏಕೆ ನಿಲ್ಲಬೇಕು? ಬೆಂಗಳೂರಿನವನು ತುಮಕೂರಿನ ವಿಷಯದಲ್ಲಿ, ತುಮಕೂರಿನವನು ಹಂದನಕೆರೆಯ ವಿಷಯದಲ್ಲಿ ಇದೇ ಮಾತನ್ನಾಡಬಹುದು. ತನ್ನ ವಿರುದ್ಧ ತಿರುಗಿದಾಗ ತನಗೇ ಅನ್ಯಾಯವೆಂದು ತೋರುವ ವಾದವನ್ನು ಇನ್ನೊಬ್ಬರ ಮೇಲೆ ಪ್ರಯೋಗಿಸುವಲ್ಲಿ ಲೋಭವು ಬೆರೆತಿದೆಯೆಂದೇ ತಿಳಿಯಬೇಕು.

ಏಕೀಕರಣದ ಪಕ್ಷಕ್ಕೂ ಇಂತಹ ಪರೀಕ್ಷೆಯುಂಟು. ‘ಒಂದೇ ಭಾಷೆ, ಆದುದರಿಂದ ಒಂದೇ ರಾಜ್ಯ’ ಎಂಬ ಮಾತಿನಲ್ಲಿ ಪ್ರೀತಿಯೂ ಇರಬಹುದು, ಮಾನಕಷಾಯವೂ ಇರಬಹುದು. ಕನ್ನಡಕ್ಕೆ ಒಂದು ನೆಲೆ ಬೇಕೆಂದು ಮತ ನೀಡಿದವನು ಆ ನೆಲದಲ್ಲಿಯೇ ಇರುವ ತುಳು, ಕೊಡವ, ಕೊಂಕಣಿ, ಉರ್ದು, ಮರಾಠಿಗಳನ್ನಾಡುವವರ ಮನಸ್ಸನ್ನು ಕಾಯುವ ಹೊಣೆಯನ್ನು ಹೊರದಿದ್ದರೆ, ತಾನು ಹೈದರಾಬಾದಿನಲ್ಲಿ ಅನುಭವಿಸಿದ ನೋವನ್ನೇ ಇನ್ನೊಬ್ಬರಿಗೆ ಕೊಟ್ಟಂತಾಗುವುದು. ಹಿಂದಿನ ಅವಮಾನಕ್ಕೆ ಪ್ರತೀಕಾರವೆಂದು ಮತ ನೀಡುವುದು ಕ್ರೋಧ. ಸ್ವಂತ ಜಾತಿಯ ಬಲಾಬಲವನ್ನು ಒಳಗೆ ಲೆಕ್ಕ ಹಾಕಿ ಹೊರಗೆ ಆಡಳಿತದ ದಕ್ಷತೆಯ ಮಾತನಾಡುವುದು ಮಾಯೆ. ಈ ನಾಲ್ಕನ್ನೂ ಸೋಸಿದ ಮೇಲೆ ಉಳಿಯುವ ಕಾರಣವು ಚಿಕ್ಕದಾಗಿರಬಹುದು. ಆದರೂ ಮತಕ್ಕೆ ಅದೇ ತಳಹದಿಯಾಗತಕ್ಕದ್ದು.

ಅಹಿಂಸೆಯ ದೃಷ್ಟಿಯಿಂದ ಇನ್ನೊಂದು ವಾದವನ್ನು ಮುಂದಿಡುವುದುಂಟು. ‘ಬದಲಾವಣೆಯಿಂದ ಕಲಹವುಂಟಾಗುತ್ತದೆ; ಸಂದೇಹವಿದ್ದಲ್ಲಿ ಇದ್ದಂತೆಯೇ ಇರಲಿ ಎನ್ನುವುದು ಕ್ಷೇಮ’ ಎಂಬುದು ಆ ವಾದ. ತೀರ ತಳ್ಳಿಹಾಕತಕ್ಕ ಮಾತಲ್ಲ ಇದು. ಹಿಂದಿರುಗಿಸಲಾಗದ ಹೆಜ್ಜೆಗೆ ಹೆಚ್ಚಿನ ಎಚ್ಚರವು ಬೇಕೇ ಬೇಕು. ಈ ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ಅಟ್ಟದ ಮೇಲಿಟ್ಟ ಕಾಯಿಯನ್ನು ತಿಂಗಳುಗಟ್ಟಲೆ ಒಣಗಲು ಬಿಡುವರು. ಅವಸರಪಟ್ಟು ಒಡೆದ ಕಾಯಿ ಮತ್ತೆ ಕೂಡದು. ಆದರೆ ‘ಇದ್ದಂತೆಯೇ ಇರುವುದು’ ಎಲ್ಲರಿಗೂ ನಿರುಪದ್ರವಿಯಲ್ಲವೆಂಬುದನ್ನು ಮರೆಯಲಾಗದು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೈಗೊಂಡರು. ಇದ್ದ ಸ್ಥಿತಿಯು ಹುಬ್ಬಳ್ಳಿಯ ಜನರಿಗೆ ಎಷ್ಟು ಅಸಹನೀಯವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ನೆಮ್ಮದಿಯಲ್ಲಿರುವವನಿಗೆ ಯಥಾಸ್ಥಿತಿಯ ಹಿಂಸೆಯು ಕಾಣುವುದಿಲ್ಲ. ಆದುದರಿಂದ ಮತ ನೀಡುವ ಮುನ್ನ ಎರಡೂ ಕಡೆಯ ನೋವನ್ನು ಅನುಭವಿಸುವವರ ಬಾಯಿಂದಲೇ ಕೇಳುವುದು ಅಹಿಂಸಾಣುವ್ರತದ ಒಂದು ಅಂಗವೆನ್ನಬಹುದು.

ಈ ಪ್ರಶ್ನೆಯು ಹಳೆಯ ಕಾಲದ್ದೆಂದು ತಿಳಿಯಬೇಕಾಗಿಲ್ಲ. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂಬ ಬಗ್ಗೆ ಜನಮತಗಣನೆ ನಡೆಯಿತು. ಅಲ್ಲಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಮತದ ಹಕ್ಕಿದ್ದಿತು. ಲಂಡನ್ನಿನಲ್ಲಿ ವಾಸವಾಗಿದ್ದ ಸ್ಕಾಟರಿಗೆ ಇರಲಿಲ್ಲ. ಅರ್ಥಾತ್, ಹಂದನಕೆರೆಯಿಂದ ಉದ್ಯೋಗಕ್ಕೆಂದು ಗ್ಲಾಸ್ಗೋ ನಗರಕ್ಕೆ ಹೋದ ಒಬ್ಬ ತರುಣನು ಭಾರತದ ಪ್ರಜೆಯಾಗಿದ್ದುಕೊಂಡೇ, ಮುನ್ನೂರು ವರ್ಷಗಳ ಒಂದು ರಾಜಕೀಯ ಬಂಧವು ಉಳಿಯಬೇಕೇ ಅಳಿಯಬೇಕೇ ಎಂದು ನಿರ್ಣಯಿಸುವವರಲ್ಲಿ ಒಬ್ಬನಾಗಬಹುದಾಗಿತ್ತು. ಕಾನೂನು ಕೊಟ್ಟ ಹಕ್ಕನ್ನು ಅವನು ಬಳಸಬೇಕೇ?

ಹತ್ತು ವರ್ಷಗಳಲ್ಲಿ ಊರಿಗೆ ಮರಳುವವನು ಪರಿಣಾಮವನ್ನು ಅನುಭವಿಸುವುದಿಲ್ಲವಾದುದರಿಂದ ಅವನು ದೂರವಿರಲಿ ಎನ್ನುವುದು ಒಂದು ನಯ. ಅಲ್ಲಿಯ ಅನ್ನವನ್ನುಂಡು, ತೆರಿಗೆಯನ್ನು ಸಲ್ಲಿಸಿ, ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳುಹಿಸುವವನು ಆ ಸಮಾಜದ ಅಂಗವೇ ಆಗಿದ್ದಾನೆ ಎನ್ನುವುದು ಇನ್ನೊಂದು. ಇವೆರಡರ ನಡುವೆ ಒಂದು ಮಾರ್ಗವಿದೆ. ಅವನು ಮತ ನೀಡಬಹುದು. ಆದರೆ ಹಣದ ವಿನಿಮಯದರವೋ ವೀಸಾ ಸೌಕರ್ಯವೋ ತನಗೆ ಹೇಗಿದ್ದೀತೆಂಬ ಲೆಕ್ಕಕ್ಕಿಂತ, ಅಲ್ಲಿಯೇ ಬಾಳಿ ಅಲ್ಲಿಯೇ ಸಾಯುವ ನೆರೆಮನೆಯವರ ಹಿತವು ಅವನ ತಕ್ಕಡಿಯಲ್ಲಿ ಭಾರವಾಗಿರಬೇಕು. ಎಷ್ಟು ಬೇಗ ಬಿಟ್ಟುಹೋಗಬಲ್ಲನೋ ಅಷ್ಟು ಹೆಚ್ಚಾಗಿ ಇತರರಿಗಾಗಿ ಯೋಚಿಸಬೇಕಾದುದು ಅತಿಥಿಯ ಧರ್ಮ. ಆ ಗಣನೆಯಲ್ಲಿ ಶೇಕಡಾ 55ಕ್ಕೂ ಹೆಚ್ಚು ಮತಗಳು ಒಕ್ಕೂಟದಲ್ಲಿಯೇ ಉಳಿಯುವ ಪರವಾಗಿ ಬಂದವು. ಆದರೆ 2016ರಲ್ಲಿ ಬ್ರಿಟನ್ ಯೂರೋಪಿಯನ್ ಒಕ್ಕೂಟವನ್ನು ತೊರೆಯಲು ನಿರ್ಧರಿಸಿದುದರಿಂದ, ಯಾವ ನಂಬಿಕೆಯ ಮೇಲೆ ಹಲವರು ಮತ ನೀಡಿದ್ದರೋ ಆ ನಂಬಿಕೆಯೇ ಬದಲಾಯಿತು. ಮನುಷ್ಯನ ನಿರ್ಣಯವು ಅಪೂರ್ಣಜ್ಞಾನದ ನಿರ್ಣಯವೆಂಬುದನ್ನು ಕೇವಲಜ್ಞಾನವನ್ನು ಬೇರೆಯಾಗಿ ಎಣಿಸುವ ಜೈನರಿಗೆ ಹೇಳಬೇಕಾದುದಿಲ್ಲ.

ಪ್ರಚಾರದ ಕಾಲದಲ್ಲಿ ಹೆಚ್ಚು ಆಪತ್ತಿಗೊಳಗಾಗುವುದು ಸತ್ಯಾಣುವ್ರತ. ಅದರ ಅತಿಚಾರಗಳಲ್ಲಿ ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆಗಳನ್ನು ಹೇಳಿದೆ. ಸುಳ್ಳು ಬೋಧಿಸುವುದು, ಏಕಾಂತದ ಮಾತನ್ನು ಬಯಲಿಗೆಳೆಯುವುದು, ಕೃತಕ ಬರಹಗಳನ್ನು ಸೃಷ್ಟಿಸುವುದು ಈ ಮೂರೂ ಇಂದು ಕೈಯಲ್ಲಿರುವ ಮೊಬೈಲಿನಿಂದ ಕ್ಷಣಮಾತ್ರದಲ್ಲಿ ನಡೆಯುತ್ತವೆ. ತಾನು ಬರೆಯದಿದ್ದರೂ ನಿಜವೋ ಸುಳ್ಳೋ ವಿಚಾರಿಸದೆ ನೂರು ಜನರಿಗೆ ಕಳುಹಿಸಿದವನು ಅತಿಚಾರದಿಂದ ಪಾರಾಗಲಾರನು.

ಬಸದಿಗಳ ಟ್ರಸ್ಟುಗಳಿಗೆ ಇಲ್ಲಿ ವಿಶೇಷವಾದ ಎಚ್ಚರವಿರಬೇಕು. ಟ್ರಸ್ಟಿಯು ವ್ಯಕ್ತಿಯಾಗಿ ತನ್ನ ಅಭಿಪ್ರಾಯವನ್ನು ಹೇಳಬಹುದು. ಆದರೆ ಬಸದಿಯ ಹಣ, ಸಭಾಂಗಣ, ಹೆಸರು ಇವು ಎರಡೂ ಪಕ್ಷದ ಶ್ರಾವಕರ ದಾನದಿಂದ ಬಂದವು. ಒಬ್ಬರ ದಾನವನ್ನು ಅವರ ಮತದ ವಿರುದ್ಧವೇ ಬಳಸುವುದು ನ್ಯಾಯವಲ್ಲ. 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯಿದೆಯೂ ಧಾರ್ಮಿಕ ಸ್ಥಳಗಳನ್ನು ರಾಜಕೀಯ ಚಟುವಟಿಕೆಗೆ ಉಪಯೋಗಿಸುವುದನ್ನು ನಿಷೇಧಿಸಿದೆ. ಇದಲ್ಲದೆ ಜೈನ ಸಮಾಜವು ಸೀಮೆಗಳ ಎರಡು ಬದಿಗಳಲ್ಲಿಯೂ ಹರಡಿಕೊಂಡಿದೆ. ಬೆಳಗಾವಿಯ ಜೈನರಿಗೆ ಸಾಂಗಲಿ, ಕೊಲ್ಲಾಪುರಗಳಲ್ಲಿ ಬೀಗರಿದ್ದಾರೆ. 1967ರಲ್ಲಿ ವರದಿಯನ್ನು ಸಲ್ಲಿಸಿದ ಮಹಾಜನ ಆಯೋಗದ ವಿಷಯದಲ್ಲಿ ಎರಡು ರಾಜ್ಯಗಳು ಸೆಣಸುತ್ತಿದ್ದಾಗಲೂ ಈ ಮನೆಗಳಲ್ಲಿ ಕೊಟ್ಟು ತರುವ ವ್ಯವಹಾರವು ನಿಲ್ಲಲಿಲ್ಲ.

ಫಲಿತಾಂಶ ಹೊರಬಿದ್ದ ಮೇಲಿನ ನಡತೆಯೂ ಮತದ ಒಂದು ಭಾಗವೇ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1995ರ ಅಕ್ಟೋಬರ್ 30ರಂದು ಪ್ರತ್ಯೇಕತೆಯ ಪಕ್ಷವು ಶೇಕಡಾ 49.42 ಮತಗಳನ್ನು ಪಡೆದು ಸೋತಿತು. ಆ ರಾತ್ರಿಯೇ ಪ್ರಾಂತದ ಮುಖ್ಯಸ್ಥ ಜಾಕ್ ಪಾರಿಜೋ ಅವರು ಹಣವೂ ಅನ್ಯಮೂಲದವರ ಮತಗಳೂ ಸೋಲಿಗೆ ಕಾರಣವೆಂದು ನುಡಿದರು. ವಲಸೆ ಬಂದು ನೆಲೆಸಿದ ಕುಟುಂಬಗಳ ಮೇಲೆ ಬೆರಳು ತೋರಿಸಿದ ಆ ಮಾತು ಅವರ ಪಕ್ಷದವರಿಗೂ ಮುಜುಗರವನ್ನು ತಂದಿತು. ಇದಕ್ಕೆ ವಿರುದ್ಧವಾದ ನಿದರ್ಶನವು ಕಾರವಾರದ ನೆರೆಯಲ್ಲಿಯೇ ಇದೆ. 1967ರ ಜನವರಿ 16ರಂದು ಗೋವೆಯು ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಎಂಬ ಜನಾಭಿಪ್ರಾಯ ಸಂಗ್ರಹ ನಡೆಯಿತು. ವಿಲೀನದ ಪರವಾಗಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರರ ಸರಕಾರವು, ಗಣನೆಯು ನಿಷ್ಪಕ್ಷಪಾತವಾಗಿ ನಡೆಯಲೆಂದು ಮೊದಲೇ ರಾಜೀನಾಮೆ ನೀಡಿತು. ವಿಲೀನಕ್ಕೆ 1,38,170, ಪ್ರತ್ಯೇಕವಾಗಿರುವುದಕ್ಕೆ 1,72,191 ಮತಗಳು ಬಂದವು. ಅವರು ತೀರ್ಪನ್ನು ಒಪ್ಪಿದರು; ಕೆಲವೇ ವಾರಗಳಲ್ಲಿ ನಡೆದ ಚುನಾವಣೆಯಲ್ಲಿ ಅದೇ ಜನರು ಅವರ ಪಕ್ಷವನ್ನು ಮತ್ತೆ ಅಧಿಕಾರಕ್ಕೆ ತಂದರು. ವಿಷಯವನ್ನು ತಿರಸ್ಕರಿಸಿಯೂ ವ್ಯಕ್ತಿಯನ್ನು ತಿರಸ್ಕರಿಸದಿರುವ ವಿವೇಕವನ್ನು ಗೋವೆಯ ಜನರು ಹೀಗೆ ತೋರಿದರು.

ಸೋತವರಿಗೆ ಸಹನೆಯು ಕರ್ತವ್ಯವಾದರೆ ಗೆದ್ದವರಿಗೆ ಸಾಲವೊಂದು ಉಳಿಯುತ್ತದೆ. ಕೂಡೋಣವೆಂದು ಕರೆದವರು ಕೂಡಿದ ಮೇಲೆ ಸಮನಾಗಿ ಹಂಚಬೇಕು. ಏಕೀಕರಣವಾಗಿ ನಾಲ್ಕೂವರೆ ದಶಕಗಳ ಬಳಿಕ, 2002ರಲ್ಲಿ, ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದೂ, ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದಲ್ಲಿವೆಯೆಂದೂ ಕಂಡಿತು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ 371ಜೆ ವಿಧಿಗೆ ಸಂಸತ್ತು ಒಪ್ಪಿಗೆಯಿತ್ತುದು 2012ರಲ್ಲಿ. 1955ರಲ್ಲಿ ಮೈಸೂರಿನ ಕೆಲವರು ಅಂಜಿದ ಹಂಚಿಕೆಯು ಅಂಜಿದಷ್ಟು ನಡೆಯಲಿಲ್ಲ. ಉತ್ತರದವರು ನಂಬಿದಷ್ಟೂ ನಡೆಯಲಿಲ್ಲ. ಮತಪೆಟ್ಟಿಗೆಗೆ ಚೀಟಿಯನ್ನು ಹಾಕಿದೊಡನೆ ಕರ್ತವ್ಯವು ಮುಗಿಯಿತೆಂದು ಬಗೆದುದರ ಫಲವಿದು.

ಆದುದರಿಂದ ಶ್ರಾವಕನು ಇಂತಹ ಮತವನ್ನು ನೀಡುವಾಗ ಮೂರು ಮಾತುಗಳನ್ನು ತನ್ನಲ್ಲಿಯೇ ಕೇಳಿಕೊಳ್ಳಬೇಕು. ತನ್ನ ಕಾರಣವನ್ನು ಎದುರುಪಕ್ಷದ ನೆರೆಯವನ ಮುಖವನ್ನು ನೋಡುತ್ತ ಹೇಳಬಲ್ಲೆನೇ? ತನ್ನ ಪಕ್ಷ ಗೆದ್ದರೆ ನೋಯುವವರಿಗಾಗಿ ಏನನ್ನು ಬಿಟ್ಟುಕೊಡಬಲ್ಲೆನು? ಸೋತರೆ ಮರುದಿನ ಅವರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣಬಲ್ಲೆನೇ? ಈ ಮೂರಕ್ಕೂ ಉತ್ತರವನ್ನು ಕಂಡುಕೊಂಡವನು ಯಾವ ಪಕ್ಷಕ್ಕೆ ಮತ ನೀಡಿದರೂ ಅವನ ವ್ರತಕ್ಕೆ ಭಂಗವಿಲ್ಲ. ಸಂವತ್ಸರದ ಕ್ಷಮಾವಣಿಯ ದಿನ ಬಂದಾಗ ಅವನು ಕೇಳುವ ಕ್ಷಮೆಯೂ ಬಾಯಿಮಾತಾಗಿ ಉಳಿಯುವುದಿಲ್ಲ.