ಬೀಗದ ಆಚೆ ಈಚೆ

ಶಾಲೆ ಲ್ಯಾಪ್‌ಟಾಪ್ ಕೊಡುವುದು ಹುಡುಗ ಕಲಿಯಲಿ ಎಂದು. ಅದಕ್ಕೆ ಬೀಗ ಜಡಿಯುವುದು ಎಲ್ಲಿ ಕಲಿತುಬಿಡುತ್ತಾನೋ ಎಂದು.

ಬೀಗ ಹಾಕುವವನಿಗೆ ಸಂಬಳ ಉಂಟು, ಪುರುಸೊತ್ತಿಲ್ಲ. ಬಿಚ್ಚುವವನಿಗೆ ಸಂಬಳವಿಲ್ಲ, ಸಂಜೆಯೆಲ್ಲ ಅವನದೇ.

ಅಮೆರಿಕದ ಶಾಲೆಗಳು ಇಂಟರ್ನೆಟ್ಟಿಗೆ ಫಿಲ್ಟರ್ ಎಂಬ ಬೀಗ ಹಾಕಿದ್ದು ಬರೀ ಮಕ್ಕಳ ಮೇಲಿನ ಅಕ್ಕರೆಯಿಂದಲ್ಲ. ಫಿಲ್ಟರ್ ಇಲ್ಲದ ಶಾಲೆಗೆ ಇಂಟರ್ನೆಟ್ ಬಿಲ್ಲಿನಲ್ಲಿ ಸರ್ಕಾರದ ರಿಯಾಯಿತಿ ಇಲ್ಲ ಎಂದು 2000ರ ಕಾಯ್ದೆಯೊಂದು ಹೇಳಿತು. ರಿಯಾಯಿತಿಯ ಜೊತೆ ಬಂದ ನೀತಿ ಬೇಗ ಜಾರಿಗೆ ಬರುತ್ತದೆ.

ಲಾಸ್ ಏಂಜಲೀಸ್, 2013. ಶಾಲಾ ಮಕ್ಕಳಿಗೆಲ್ಲ ಐಪ್ಯಾಡ್ ಹಂಚಲು ಸುಮಾರು ನೂರು ಕೋಟಿ ಡಾಲರಿನ ಯೋಜನೆ. ರೂಸ್‌ವೆಲ್ಟ್ ಹೈಸ್ಕೂಲಿನ ಸುಮಾರು 300 ಮಕ್ಕಳು ಬೀಗವಾಗಿ ಶಾಲೆ ಕೂರಿಸಿದ್ದ ಪ್ರೊಫೈಲನ್ನು ಅಳಿಸಿದರು, ಫೇಸ್‌ಬುಕ್ ತೆರೆಯಿತು. ಅಧಿಕಾರಿಗಳು ಐಪ್ಯಾಡ್ ಮನೆಗೆ ಒಯ್ಯುವುದನ್ನೇ ನಿಲ್ಲಿಸಿದರು. ಒರೆಸಿದರೆ ಹೋಗುವುದನ್ನು ಬೀಗವೆಂದು ನಂಬಿದವರು ಯಾರು? ಆ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ.

ಚಾಟ್ ಮುಚ್ಚಿದರೆ ಗೂಗಲ್ ಡಾಕ್ಸ್ ಹರಟೆಕಟ್ಟೆಯಾಗುತ್ತದೆ. ಇಬ್ಬರು ಮಕ್ಕಳು ಒಂದೇ ಕಡತ ತೆರೆದು, ಸಾಲಿನ ಕೆಳಗೆ ಸಾಲು ಬರೆದು ಮಾತಾಡುತ್ತಾರೆ. ಮೇಷ್ಟ್ರ ಹೆಜ್ಜೆ ಹತ್ತಿರವಾದರೆ ಮಾತೆಲ್ಲ ಅಳಿದು, ಪ್ರಬಂಧದ ತಲೆಬರಹವೊಂದೇ ಉಳಿಯುತ್ತದೆ. ಪಾಠಕ್ಕೆ ಬೇಕಾದದ್ದನ್ನು ಮುಚ್ಚುವಂತಿಲ್ಲ ಎಂಬುದು ಮುಚ್ಚುವವರಿಗಿಂತ ಮೊದಲು ಮಕ್ಕಳಿಗೆ ಗೊತ್ತು.

ದಾರಿ ಕಂಡುಹಿಡಿಯುವವನು ಒಬ್ಬ, ನಡೆಯುವವರು ನೂರು. ಒಬ್ಬನದು ಕುತೂಹಲ, ನೂರು ಜನರದು ಆಟದ ಚಪಲ. ಶಿಕ್ಷೆಯ ಪಟ್ಟಿಯಲ್ಲಿ ಎಲ್ಲರೂ ಒಂದೇ ಸಾಲು.

ಬೀಗ ಮುರಿದವರೆಲ್ಲ ಜಾಣರಲ್ಲ. ಹಲವರಿಗೆ ಬೇಸರ ಬಂದಿರುತ್ತದೆ, ಅಷ್ಟೇ. ಪಾಠ ಸಪ್ಪೆಯಾದ ದಿನ ತರಗತಿಯ ತಾಂತ್ರಿಕ ಜ್ಞಾನ ಏರುತ್ತದೆ.

2023ರಲ್ಲಿ ಕ್ರೋಮ್‌ಬುಕ್ಕನ್ನು ಶಾಲೆಯ ಹಿಡಿತದಿಂದ ಬಿಡಿಸುವ ಉಪಾಯವೊಂದು ಬಯಲಾಯಿತು. ಅದಕ್ಕೆ ಬಳಸಿದ್ದು ರಿಪೇರಿಯವರಿಗೆಂದೇ ಮಾಡಿದ್ದ ಸಾಫ್ಟ್‌ವೇರ್. ಬಾಗಿಲಿಗೆ ಮುಖ ನೋಡಿ ಮಣೆ ಹಾಕಲು ಬರುವುದಿಲ್ಲ.

ಪೆನ್ಸಿಲ್ವೇನಿಯಾದ ಕುಟ್ಸ್‌ಟೌನ್, 2005. ನಿರ್ವಾಹಕರ ಪಾಸ್‌ವರ್ಡ್ ಲ್ಯಾಪ್‌ಟಾಪಿನ ಬೆನ್ನಿಗೇ ಅಂಟಿಸಿತ್ತು. ಅದನ್ನು ಬಳಸಿದ 13 ಮಕ್ಕಳ ಮೇಲೆ ಗಂಭೀರ ಅಪರಾಧದ ಮೊಕದ್ದಮೆ ಬಿತ್ತು. ಎಚ್ಚರಿಕೆ, ಅಮಾನತು ಯಾವುದಕ್ಕೂ ಬಗ್ಗಲಿಲ್ಲ ಎಂದಿತು ಶಾಲೆ, ಇರಬಹುದು. ಆದರೂ ಅಂಟಿಸಿದ್ದು ಅಜಾಗ್ರತೆ, ಓದಿದ್ದು ಅಪರಾಧ.

ಅದೇ ರಾಜ್ಯದ ಲೋವರ್ ಮೆರಿಯನ್, 2010. ಕಳುವಾದ ಲ್ಯಾಪ್‌ಟಾಪ್ ಹುಡುಕಲೆಂದು ಇದ್ದ ಏರ್ಪಾಟು ಮನೆಯೊಳಗಿನ ಮಕ್ಕಳ ಚಿತ್ರ ತೆಗೆಯಿತು. ತಾನು ತಿಂದ ಮಿಠಾಯಿ ಶಾಲೆಯ ಕಣ್ಣಿಗೆ ಮಾದಕ ಮಾತ್ರೆಯಾಗಿ ಕಂಡಿತು ಎಂದ ಒಬ್ಬ ಹುಡುಗ. ಕ್ಯಾಮೆರಾದ ಹಸಿರು ದೀಪ ತಾನಾಗಿ ಮಿನುಗಿದ್ದು ಕಂಡು ಕೆಲವರು ಅದರ ಮೇಲೆ ಟೇಪ್ ಅಂಟಿಸಿದ್ದರು. ನಿಯಮದ ಪುಸ್ತಕ ಹಿಡಿದು ಕೂತರೆ ಅದೂ ತಪ್ಪೇ ಆದೀತು.

ಸಂಶಯದಿಂದ ನೋಡುವವನಿಗೆ ಮಿಠಾಯಿ ಕಾಣುವುದಿಲ್ಲ.

ಕುಟ್ಸ್‌ಟೌನಿನ ಕೆಲವು ಮಕ್ಕಳು ಶಾಲೆಯ ನಿಗಾ ಸಾಫ್ಟ್‌ವೇರನ್ನೇ ತಿರುಗಿಸಿ ಅಧಿಕಾರಿಗಳ ಪರದೆಯನ್ನು ಇಣುಕಿದ್ದರು. ಆ 13 ಮಕ್ಕಳಲ್ಲಿ ಬಹುತೇಕರು ಕ್ಷಮಾಪಣೆ ಪತ್ರ ಬರೆದು, 15 ಗಂಟೆ ಸಮುದಾಯ ಸೇವೆಗೆ ಒಪ್ಪಿ ಮೊಕದ್ದಮೆಯಿಂದ ಬಿಡಿಸಿಕೊಂಡರು. ಲೋವರ್ ಮೆರಿಯನ್ ಮಕ್ಕಳ ಕೋಣೆಯನ್ನು ಇಣುಕಿತು. ಅದರ ದಾವೆ 6,10,000 ಡಾಲರಿಗೆ ರಾಜಿಯಾಯಿತು. ಕ್ರಿಮಿನಲ್ ಮೊಕದ್ದಮೆ ಯಾರ ಮೇಲೂ ಹೂಡಲಿಲ್ಲ.