ಮೊದಲ ದೋಸೆ

ಕಾವಲಿಗೆ ಹೊಯ್ದ ಮೊದಲ ದೋಸೆ ನೆಟ್ಟಗೆ ಏಳುವುದು ಅಪರೂಪ. ಅಂಚು ಹರಿಯುತ್ತದೆ, ನಡು ಅಂಟಿಕೊಳ್ಳುತ್ತದೆ. ಅದನ್ನು ಯಾರೂ ನೆಂಟರ ತಟ್ಟೆಗೆ ಹಾಕುವುದಿಲ್ಲ. ಒಲೆಯ ಬಳಿ ನಿಂತವಳೇ ತಿಂದು ಮುಗಿಸುತ್ತಾಳೆ. ಇದನ್ನು ಸುಳ್ಳು ಎನ್ನಲಾಗದು, ಅದು ಮರ್ಯಾದೆ. ಆದರೆ ಹೊರಗೆ ಬಂದದ್ದೆಲ್ಲ ಹೂವಿನಂಥ ದೋಸೆಯೇ ಆದರೆ, ಕಲಿಯುತ್ತಿರುವ ಹುಡುಗಿ ತನ್ನ ಹರಿದ ದೋಸೆಯನ್ನು ನೋಡಿ ಏನೆಂದುಕೊಳ್ಳಬೇಕು?

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗನಿಗೆ ವಿಡಿಯೋ ಗೇಮ್‌ಗಳ ಸಂಗೀತದ ಹುಚ್ಚು. ಮೊನ್ನೆ ಅಂಥ ಸಂಗೀತ ಸಂಯೋಜಕರೊಬ್ಬರ ಆಲ್ಬಮ್ ಕೇಳಿಸಿದ. ಅದರಲ್ಲಿದ್ದುದೆಲ್ಲ ಡೆಮೊಗಳು. ಡೆಮೊ ಅಂದರೆ, ಆಟ ಪೂರ್ತಿ ಸಿದ್ಧವಾಗುವ ಮೊದಲು ‘ರಾಗ ಹೀಗಿದ್ದರೆ ಹೇಗೆ’ ಎಂದು ತೋರಿಸಲು ಮಾಡಿಕೊಳ್ಳುವ ಕರಡು. ಒಂದೆರಡು ಕಡೆ ತಾಳವೂ ಜಾರಿತ್ತು. “ಇದನ್ನೂ ದುಡ್ಡು ಕೊಟ್ಟು ಕೇಳುತ್ತಾರೆಯೇ ಮಾರಾಯ?” ಎಂದೆ. “ದೊಡ್ಡಮ್ಮ, ಚೆಂದದ್ದು ಕೇಳಿದರೆ ಹೆದರಿಕೆಯಾಗುತ್ತದೆ. ಇದನ್ನು ಕೇಳಿದರೆ ಧೈರ್ಯ ಬರುತ್ತದೆ” ಎಂದ.

ಮಾತು ಚಿಕ್ಕದು, ಆದರೆ ಬಿಡದೆ ಕಾಡಿತು. ಕರಡನ್ನು ಲೋಕಕ್ಕೆ ತೋರಿಸುವುದು ಸರಿಯೇ? ತೋರಿಸುವುದಾದರೆ ಯಾರು ತೋರಿಸಬೇಕು? 1995ರಲ್ಲಿ ಬೀಟಲ್ಸ್ ತಂಡದ ಹಳೆಯ ಧ್ವನಿಮುದ್ರಣಗಳ ಸಂಗ್ರಹ ಹೊರಬಂತು. 1958ರಲ್ಲಿ, ಇನ್ನೂ ಹುಡುಗರಾಗಿದ್ದಾಗ, ಮಾಡಿದ್ದೂ ಅದರಲ್ಲಿತ್ತು. ಅವರಲ್ಲೊಬ್ಬರಾದ ಜಾನ್ ಲೆನನ್ 1980ರಲ್ಲೇ ತೀರಿಕೊಂಡಿದ್ದರು. ಹೋದವರನ್ನು ಕೇಳುವುದು ಹೇಗೆ? ನಮ್ಮ ಕಾರ್ಕಳದ ಬಳಿಯ ನಂದಳಿಕೆಯ ಮುದ್ದಣನನ್ನೇ ನೋಡಿ. ಉಡುಪಿಯಲ್ಲಿ ಮೇಷ್ಟ್ರಾಗಿದ್ದ ಆತ ಕರಡನ್ನಲ್ಲ, ಪೂರ್ತಿಯಾದ ಕಾವ್ಯವನ್ನೇ ಯಾವನೋ ಹಳೆಯ ಕವಿಯದೆಂಬಂತೆ ಮೈಸೂರಿಗೆ ಕಳಿಸಿ, ತಾನು ಮರೆಯಲ್ಲಿ ನಿಂತ. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ತೀರಿಕೊಂಡ. ಎಷ್ಟು ತೋರಿಸಬೇಕು, ಎಷ್ಟು ಮುಚ್ಚಿಡಬೇಕು ಎಂಬುದು ಮಾಡಿದವರ ಹಕ್ಕು. ಬೇರೆಯವರು ಪೆಟ್ಟಿಗೆ ತೆರೆಯುವ ಮೊದಲು ಎರಡು ಸಲ ಯೋಚಿಸಬೇಕು.

ಆದರೆ ತೆರೆದಾಗ ಸಿಗುವುದು ಏನು ಎಂಬುದನ್ನೂ ಹೇಳಬೇಕಲ್ಲ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಹಾಡುಗಳನ್ನು ಕೇಳಿದ್ದೀರಾ? ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್.ಎಂ.ವಿ.ಯವರು ತಂದ ತಟ್ಟೆಗಳು. ಅವು ಡೆಮೊಗಳಲ್ಲ, ಅಂಗಡಿಯಲ್ಲಿ ಮಾರಿದವು. ಆದರೆ ಅಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುಮಗಳ ದನಿ. ಟಾನ್ಸಿಲ್ ಚಿಕಿತ್ಸೆಯ ಬಳಿಕ ದನಿ ಬದಲಾಯಿತು. ಗಂಡಸಿನದೋ ಎನ್ನಿಸುವಷ್ಟು ಗಂಭೀರವಾಯಿತು. ಬೇರೆ ಯಾರಾದರೂ ‘ನನ್ನ ಹಾಡು ಮುಗಿಯಿತು’ ಎಂದು ಕೂರುತ್ತಿದ್ದರೇನೋ. ಅವರು ಆ ದನಿಯಲ್ಲೇ ದಶಕಗಳ ಕಾಲ ಹಾಡಿ ಕಿರಾಣಾ ಘರಾನೆಯನ್ನು ಬೆಳಗಿದರು. 2002ರಲ್ಲಿ ಪದ್ಮವಿಭೂಷಣ ಬಂತು. ಕೊನೆಯ ದನಿಯನ್ನು ಮಾತ್ರ ಕೇಳಿದವರಿಗೆ ಶಿಖರ ಕಾಣುತ್ತದೆ. ಎರಡನ್ನೂ ಕೇಳಿದವರಿಗೆ ಹತ್ತಿದ ದಾರಿ ಕಾಣುತ್ತದೆ.

ಕಾರ್ಕಳದ ನನ್ನ ಗೆಳತಿಯೊಬ್ಬಳು ಮದುವೆಗೆ ಮೊದಲು ಒಂದು ಕ್ಯಾಸೆಟ್ಟಿನಲ್ಲಿ ನಾಲ್ಕು ದೇವರನಾಮ ಹಾಡಿಟ್ಟಿದ್ದಳು. ಗಂಡನ ಮನೆಯಲ್ಲಿ ಯಾರೋ ಅದನ್ನು ಹಾಕಿ, ಶ್ರುತಿ ತಪ್ಪಿದಲ್ಲಿ ಗೊಳ್ಳೆಂದು ನಕ್ಕರು. ಮರುವಾರ ಅದೇ ಕ್ಯಾಸೆಟ್ಟಿನ ಮೇಲೆ ಸಿನಿಮಾ ಹಾಡು ತುಂಬಿತ್ತು. ತುಂಬಿಸಿದವಳು ಅವಳೇ. ಮತ್ತೆ ಹಾಡಲಿಲ್ಲ. ‘ಹಾಡ್ತಾ ಹಾಡ್ತಾ ರಾಗ’ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ರಾಗವಾಗುವವರೆಗೆ ಹಾಡಲು ಬಿಡುವ ಮನೆಗಳು ಎಷ್ಟಿವೆ? ಆ ನಾಲ್ಕು ದೇವರನಾಮಗಳ ಬದಲು ಈಗ ಏನೂ ಇಲ್ಲ. ಅವಳ ಮಗಳಿಗೂ ಅಮ್ಮನ ಆಗಿನ ದನಿ ಹೇಗಿತ್ತೆಂದು ಗೊತ್ತಿಲ್ಲ.

ಹಾಗಾಗಿ ನನಗನ್ನಿಸುವುದಿಷ್ಟು. ಕರಡನ್ನು ತೆರೆದು ತೋರಿಸುವುದು ಮಾಡಿದವರ ಹಕ್ಕಾದರೆ, ತೆರೆದಾಗ ನಗದಿರುವುದು ಕೇಳುವವರ ಧರ್ಮ. ಆ ಸಂಯೋಜಕರು ತಮ್ಮ ಹಕ್ಕನ್ನು ಬಳಸಿಕೊಂಡರು. ಅದರಿಂದ ಮಣಿಪಾಲದ ಹಾಸ್ಟೆಲ್ಲಿನ ಹುಡುಗನೊಬ್ಬನಿಗೆ ಧೈರ್ಯ ಬಂತು. ಕೊಟ್ಟವರಿಗೆ ಇದರ ಸುದ್ದಿಯೂ ಇಲ್ಲ.

ಕಾಪುವಿನ ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳು ಒಂದು ಅಕ್ಷರ ತಪ್ಪಿದರೂ ಪರ್ರನೆ ಹಾಳೆ ಹರಿಯುತ್ತಾರೆ. ಹರಿಯಬೇಡಿ, ತಪ್ಪಿನ ಮೇಲೆ ಒಂದು ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆಯಿರಿ ಎನ್ನುತ್ತೇನೆ. ಮಾರ್ಚ್ ತಿಂಗಳಲ್ಲಿ ಜೂನಿನ ಪುಟ ತಿರುವಿ ನೋಡಿದಾಗ ತಾನು ಎಷ್ಟು ದೂರ ಬಂದೆ ಎಂಬುದು ಅವಳಿಗೇ ತಿಳಿಯುತ್ತದೆ. ಅದನ್ನು ಹೇಳಲು ಟೀಚರ್ ಬೇಕಾಗುವುದಿಲ್ಲ.