ಲೇಖನಿಯ ತಕ್ಕಡಿ

ರಾಮನಗರದ ಸರಕಾರಿ ರೇಷ್ಮೆಗೂಡು ಮಾರುಕಟ್ಟೆಯನ್ನು ಒಮ್ಮೆ ನೋಡಿದವರಿಗೆ, ಮನುಷ್ಯನ ಅನ್ನ ಎಷ್ಟು ಅನಿಶ್ಚಿತವೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನಕಪುರ, ಮಾಗಡಿಯ ಹಳ್ಳಿಗಳಿಂದ ಗೂಡು ತಂದ ರೈತನಿಗೆ ಇಂದು ಏನು ದರ ಸಿಗುವುದೋ ಗೊತ್ತಿಲ್ಲ. ಅದನ್ನು ಹರಾಜಿನಲ್ಲಿ ಕೊಂಡು ನೂಲು ಬಿಚ್ಚುವ ನಮ್ಮ ಸಹೋದರನಿಗೆ ನಾಳೆ ನೂಲು ಯಾವ ಬೆಲೆಗೆ ಹೋಗುವುದೋ ತಿಳಿಯದು. ಆದರೂ ಇಬ್ಬರೂ ಮರುದಿನ ಮತ್ತೆ ಕೆಲಸಕ್ಕೆ ಕೈಹಚ್ಚುತ್ತಾರೆ.

ಇಂತಹ ಮನೆಗಳ ಓದಿದ ಮಕ್ಕಳ ಮುಂದೆ ಈಗ ಹೊಸದೊಂದು ದುಡಿಮೆಯಿದೆ. ಅದು ಅಂತರ್ಜಾಲ ತಾಣಗಳಿಗೆ ಬರೆದು ಸಂಪಾದಿಸುವುದು. ಬರಹದ ಪಕ್ಕದಲ್ಲಿ ಜಾಹೀರಾತು ಹಾಕಿ ಅದರ ಪಾಲನ್ನು ಬರೆದವರಿಗೆ ಕೊಡುವ ವ್ಯವಸ್ಥೆಯನ್ನು ಗೂಗಲ್ ಸಂಸ್ಥೆ 2003ರಲ್ಲಿ ತಂದಿತು. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯಂತಹ ತಾಣಗಳು ಕನ್ನಡದ ಕಥೆಗಾರರಿಗೂ ಬಾಗಿಲು ತೆರೆದವು. ಮನೆಯ ಜವಾಬ್ದಾರಿ ಹೊತ್ತ ಹೆಣ್ಣುಮಗಳೊಬ್ಬಳು ಬೆಂಗಳೂರಿನ ರೈಲು ಹತ್ತದೆಯೇ, ಮಕ್ಕಳು ಮಲಗಿದ ಮೇಲೆ ಬರೆದು ನಾಲ್ಕು ಕಾಸು ಗಳಿಸಬಹುದಾದರೆ ಅದು ಅಲ್ಲಾಹನ ಅನುಗ್ರಹವೇ ಸರಿ.

ಆದರೆ ಇಲ್ಲಿಯೂ ಏರಿಳಿತವಿದೆ. 2011ರ ಫೆಬ್ರವರಿಯನ್ನು ನೆನೆಯಿರಿ. ಆ ತಿಂಗಳ ಕೊನೆಯಲ್ಲಿ ಮಂಡನೆಯಾದ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿತು; ಅದೇ ವರ್ಷ ನಮ್ಮ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು. ಅದೇ ತಿಂಗಳು ಗೂಗಲ್ ತನ್ನ ಹುಡುಕಾಟದ ನಿಯಮವನ್ನು ಬದಲಿಸಿತು. ಟೊಳ್ಳು ಬರಹಗಳ ರಾಶಿ ಹಾಕಿದ್ದ ತಾಣಗಳು ಓದುಗರನ್ನು ಕಳಕೊಂಡವು, ಅವನ್ನು ನಂಬಿದ್ದ ಬರಹಗಾರರು ಆದಾಯ ಕಳಕೊಂಡರು. ಬರೆದವರಿಗೆ ಹಣ ಕೊಡುತ್ತಿದ್ದ ಯಾಹೂವಿನ ತಾಣ 2014ರಲ್ಲಿ ಮುಚ್ಚಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕ್ಷಣದಲ್ಲಿ ಪುಟ ತುಂಬಿಸುವ ಯಂತ್ರದೊಡನೆ ಬರಹಗಾರ ಪೈಪೋಟಿಗಿಳಿಯಬೇಕಾಗಿದೆ. ರೇಷ್ಮೆಯವನಾಗಲಿ ಬರಹದವನಾಗಲಿ, ತನ್ನ ಅನ್ನದ ದರವನ್ನು ತಾನು ಕಾಣದ ಕೈಯೊಂದು ಬದಲಿಸುವುದನ್ನು ನೋಡುತ್ತಾ ನಿಲ್ಲುತ್ತಾನೆ.

ಹಾಗಾದರೆ ಸತ್ಯವಿಶ್ವಾಸಿ ಏನು ಮಾಡಬೇಕು? ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ಒಂಟೆಯನ್ನು ಕಟ್ಟಿಹಾಕಿ ಅನಂತರ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಸಿದು ಗೂಡು ಬಿಡುವ ಹಕ್ಕಿ ಹೊಟ್ಟೆ ತುಂಬಿ ಮರಳುತ್ತದೆಂದೂ ಅವರು ತಿಳಿಸಿದರು. ಆದರೆ ಅದು ಗೂಡು ಬಿಟ್ಟು ಹೊರಡುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಒಂದೇ ತಾಣವನ್ನು ನೆಚ್ಚದಿರುವುದು, ಬರೆದುದರ ಪ್ರತಿಯನ್ನು ತನ್ನಲ್ಲಿಟ್ಟುಕೊಳ್ಳುವುದು, ಕರಾರನ್ನು ಓದದೆ ಒಪ್ಪದಿರುವುದು, ಒಳ್ಳೆಯ ತಿಂಗಳ ಗಳಿಕೆಯಲ್ಲಿ ಕೆಟ್ಟ ತಿಂಗಳಿಗೆ ಒಂದಿಷ್ಟು ಎತ್ತಿಡುವುದು, ಇವೆಲ್ಲ ಒಂಟೆ ಕಟ್ಟುವ ಹಗ್ಗಗಳು.

ಆದರೆ ಗಳಿಕೆ ಏರುವುದು ಇಳಿಯುವುದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಇಲ್ಲಿ ಹಣ ಬರುವುದು ಬರಹದ ಸತ್ಯಕ್ಕಲ್ಲ, ಅದನ್ನು ತೆರೆದವರ ಸಂಖ್ಯೆಗೆ. ಸಕ್ಕರೆ ಕಾಯಿಲೆಗೆ ವೈದ್ಯರ ಸಲಹೆ ಬೇಕು ಎಂಬ ಬರಹವನ್ನು ಹತ್ತು ಮಂದಿ ಓದಿದರೆ, ಯಾವುದೋ ಸೊಪ್ಪು ತಿಂದು ಮಾತ್ರೆ ಬಿಡಿ ಎಂಬುದನ್ನು ಸಾವಿರ ಮಂದಿ ಓದಬಹುದು. ಹಾಗಿರುವಾಗ ಸಾವಿರದ ಗಳಿಕೆ ಹಲಾಲ್ ಆದೀತೇ? ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ತಳದಲ್ಲಿ ಒದ್ದೆ ತಗಲಿತು. ವ್ಯಾಪಾರಿ ಮಳೆಯ ನೆವ ಹೇಳಿದ. ಆ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂದರು. ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಆಕರ್ಷಕ ತಲೆಬರಹದ ಕೆಳಗೆ ಸುಳ್ಳನ್ನಿಡುವುದೂ, ಯಂತ್ರ ಬರೆದುದನ್ನು ಪರೀಕ್ಷಿಸದೆ ತನ್ನದೆಂದು ಮಾರುವುದೂ ಒಣ ಧಾನ್ಯದ ಕೆಳಗಿನ ಒದ್ದೆಯಲ್ಲವೇ?

ಚನ್ನಪಟ್ಟಣದ ಆಟಿಕೆಗಾರನನ್ನು ನೋಡಿರಿ. ಆಲೆ ಮರದ ತುಂಡನ್ನು ತಿರುಗಿಸಿ ಅರಗಿನ ಬಣ್ಣವೇರಿಸುವ ಅವನಿಗೆ ಆ ಗೊಂಬೆ ಯಾವ ಊರಿನ ಯಾವ ಮಗುವಿನ ಕೈ ಸೇರುವುದೆಂದು ತಿಳಿಯದು. ಆದರೆ ಮಗು ಅದನ್ನು ಬಾಯಿಗಿಡುತ್ತದೆಂದು ತಿಳಿದಿದೆ. ಆದುದರಿಂದಲೇ ವಿಷದ ಬಣ್ಣ ಹಚ್ಚದಿರುವುದು ಅವನ ಕಸುಬಿನ ಧರ್ಮ. ಕಾಣದ ಓದುಗನೂ ಹಾಗೆಯೇ, ಬರೆದುದನ್ನು ನಂಬಿ ನುಂಗುತ್ತಾನೆ.

“ಎಲ್ಲರೂ ಹೀಗೆಯೇ ಬರೆಯುತ್ತಾರೆ, ನಮಗೂ ಮಕ್ಕಳ ಶಾಲೆಯ ಫೀಸು ಕಟ್ಟಬೇಕಲ್ಲ” ಎಂದು ಕೆಲವರು ಹೇಳಬಹುದು. ಕಷ್ಟ ನಿಜ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಪರೀಕ್ಷಿಸದ ಮಾತಿನ ಬೆಲೆಯನ್ನು ಬೇರೆ ಯಾರೋ ತೆರುತ್ತಾರೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಹೈದರಾಬಾದಿನಿಂದ ಬಂದಿದ್ದ ನಿರಪರಾಧಿ ಯುವಕನೊಬ್ಬ ಬಲಿಯಾದ. ಅಲ್ಲಿ ಹಣದ ಆಸೆಯೂ ಇರಲಿಲ್ಲ, ವಿಚಾರಿಸದೆ ಮುಂದಕ್ಕೆ ದಾಟಿಸಿದ ಮಾತೇ ಕೊಂದಿತು. ಹಾಗಿದ್ದರೆ ಸುಳ್ಳು ಹರಡಿದಷ್ಟೂ ಹಣ ಬರುವಲ್ಲಿ ಎಷ್ಟು ಎಚ್ಚರ ಬೇಕು? ಸುದ್ದಿ ಬಂದಾಗ ವಿಚಾರಿಸಿ ತಿಳಿಯಲು ಸೂರಃ ಅಲ್ ಹುಜುರಾತ್ ಆಜ್ಞಾಪಿಸುವುದು ಇದಕ್ಕಾಗಿಯೇ.

ಕುರ್‌ಆನಿನ ಅತಿ ದೀರ್ಘ ಸೂಕ್ತ ಸೂರಃ ಅಲ್ ಬಕರದ 282ನೆಯದು. ಅದು ಸಾಲದ ಪತ್ರದ ಕುರಿತಾಗಿದೆ. ಅಲ್ಲಿ ಬರೆಯುವವನಿಗೆ ನ್ಯಾಯದಿಂದ ಬರೆಯಬೇಕೆಂಬ ಆಜ್ಞೆಯಿದೆ. ಅಷ್ಟಕ್ಕೇ ಮುಗಿಯುವುದಿಲ್ಲ, ಬರೆಯುವವನಿಗೆ ಹಾನಿ ಮಾಡಬಾರದೆಂಬ ಆಜ್ಞೆಯೂ ಅದೇ ಸೂಕ್ತದಲ್ಲಿದೆ. ಹೇಳದೆ ಕೇಳದೆ ದರ ಕಡಿತ ಮಾಡುವ, ದುಡಿದವರ ಹಣ ತಡೆಹಿಡಿಯುವ ತಾಣದ ಒಡೆಯರಿಗೂ ಇದರಲ್ಲಿ ಪಾಠವಿದೆ. ಅವರ ಅನ್ಯಾಯವನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಅವರ ಅನ್ಯಾಯ ನಮ್ಮ ಸುಳ್ಳಿಗೆ ಪರವಾನಗಿಯಾಗದು.

ಇದು ಫತ್ವಾ ಅಲ್ಲ, ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಮಾತು. ಮಗನೋ ಮಗಳೋ ಬರಹದ ಮೊದಲ ಗಳಿಕೆಯನ್ನು ಕೈಗಿತ್ತಾಗ, “ಎಷ್ಟು ಬಂತು?” ಎಂದು ಕೇಳುವ ತಂದೆತಾಯಂದಿರು “ಏನು ಬರೆದೆ ಮಗಾ, ಓದಿ ಹೇಳು” ಎಂದೂ ಕೇಳಲಿ. ದರವನ್ನು ನಿರ್ಧರಿಸುವುದು ನಮ್ಮ ಕೈಯಲ್ಲಿಲ್ಲ, ತೂಕವನ್ನು ಸರಿಯಾಗಿಡುವುದು ನಮ್ಮ ಕೈಯಲ್ಲಿದೆ. ವಿಚಾರಣೆಯ ದಿನ ನಮ್ಮಲ್ಲಿ ಕೇಳಲಾಗುವುದು ಆ ತೂಕದ ಕುರಿತೇ. ಅಲ್ಲಾಹನು ನಮ್ಮ ಲೇಖನಿಗೆ ಸತ್ಯವನ್ನೂ ನಮ್ಮ ಅನ್ನಕ್ಕೆ ಬರಕತ್ತನ್ನೂ ದಯಪಾಲಿಸಲಿ. ಆಮೀನ್.